ಬಿಡ್ತು ಅನ್ನದ ಎರಡು ಮಾತು

ಹೋದ ಡಿಸೆಂಬರಿನಲ್ಲಿ ಸಾಗರದ ಒಂದು ಹೈಸ್ಕೂಲಿನವರು ಚರ್ಚಾಸ್ಪರ್ಧೆಗೆ ತೀರ್ಪುಗಾರರಾಗಿ ಬನ್ನಿ ಎಂದು ಕರೆದರು. ನಿವೃತ್ತರಾದ ನಮ್ಮಂಥ ಟೀಚರುಗಳಿಗೆ ಇಂಥ ಕರೆ ಬಂದರೆ ಹಬ್ಬದೂಟಕ್ಕೆ ಕರೆದಷ್ಟು ಖುಷಿ. ಮಂಡಿನೋವು ಮರೆತು ಹೋದೆ. ಸಭಾಂಗಣಕ್ಕೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಬಾಗಿಲು ದಾಟಿದ್ದೇ ತಡ, ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದು ನನ್ನ ಅಂಗೈ ಬೆವರತೊಡಗಿತು. ಎಪ್ಪತ್ತೈದು ದಾಟಿದ ಹೆಂಗಸು ಸುಣ್ಣದ ವಾಸನೆಗೆ ಹೆದರುವುದೆಂದರೇನು ಎಂದು ನನ್ನನ್ನು ನಾನೇ ಬೈದುಕೊಂಡು ಕುರ್ಚಿಯಲ್ಲಿ ಕೂತೆ.

ವಿಷಯ ವಿಶ್ವಶಾಂತಿ. ಅದನ್ನು ನನಗೆ ಮೊದಲೇ ತಿಳಿಸಿರಲಿಲ್ಲ. ತಿಳಿಸಿದ್ದರೆ ಮಂಡಿನೋವು ನೆನಪಾಗುತ್ತಿತ್ತು. ಎರಡು ಜಡೆಯ ಹುಡುಗಿಯೊಬ್ಬಳು ಬಂದು, "ಇನ್ನು ಮುಂದೆ ಈ ಜಗತ್ತು ಮಹಾಯುದ್ಧವನ್ನು ಕಾಣುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ" ಅಂದಳು. ಸಭೆ ಚಪ್ಪಾಳೆ ತಟ್ಟಿತು. ನಾನು "ಬಿಡ್ತು" ಅಂದೆ. ಮೆಲ್ಲಗೆ ಅಂದೆ ಎಂದುಕೊಂಡಿದ್ದೆ. ಪಕ್ಕದಲ್ಲಿದ್ದ ಇನ್ನೊಬ್ಬ ತೀರ್ಪುಗಾರ, ಎಳೆಯ ವಯಸ್ಸಿನ ಲೆಕ್ಚರರು, ನನ್ನತ್ತ ಬಾಗಿ, "ಮೇಡಂ, ಒಳ್ಳೇ ಮಾತೇ ಹೇಳಿದ್ಲಲ್ಲ, ಅದಕ್ಯಾಕೆ ಬಿಡ್ತು ಅಂದ್ರಿ?" ಎಂದು ಕೇಳಿದರು. ನಾನು ನಕ್ಕು ಅಂಕ ಬರೆಯತೊಡಗಿದೆ. ಅವರಿಗೆ ಹೇಳಲು ಹೊರಟರೆ ಸಾವಿರದ ಒಂಬೈನೂರ ಅರವತ್ತಾರರ ಜನವರಿಯಿಂದ ಶುರು ಮಾಡಬೇಕಿತ್ತು.

ನಾವು ಆಗ ಹೊಸನಗರದಲ್ಲಿದ್ದೆವು. ನಮ್ಮ ಊರು ಬೇರೆ. ಶರಾವತಿಗೆ ಕಟ್ಟಿದ ಅಣೆಕಟ್ಟಿನ ನೀರು ಹಿಂದೆ ಹಿಂದೆ ಸರಿದು ಬಂದು ಅದರ ಮೇಲೆ ನಿಂತಿತು. ಅಪ್ಪಯ್ಯ ಹೊಲಿಗೆ ಮಷೀನನ್ನು ಗಾಡಿಗೆ ಹಾಕಿಕೊಂಡು ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಎರಡು ಕೋಣೆಯ ಮನೆ ಹಿಡಿದು, ಅದರ ಜಗಲಿಯಲ್ಲೇ ಹೊಲಿಯಲು ಕೂತ. ಅಮ್ಮ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಮನೆ ನಡೆಸುತ್ತಿದ್ದವಳು ಅಪ್ಪಯ್ಯನ ತಾಯಿ, ನಮ್ಮ ಅಜ್ಜಿ. ಅಣ್ಣ ಗಣಪತಿ ನನಗಿಂತ ಏಳು ವರ್ಷ ದೊಡ್ಡವನು, ಊರು ಮುಳುಗುವ ಮೊದಲೇ ಸೈನ್ಯ ಸೇರಿದ್ದ. ಅವನು ಬರೆಯುವ ಇನ್‌ಲ್ಯಾಂಡ್ ಕಾಗದಕ್ಕೆ ಊರಿನ ಹೆಸರಿರುತ್ತಿರಲಿಲ್ಲ, ಸೈನ್ಯದ ಅಂಚೆಯ ಮೊಹರು ಮಾತ್ರ. ಅವನು ಎಲ್ಲಿದ್ದಾನೆ ಎಂದು ಯಾರಾದರೂ ಕೇಳಿದರೆ ನಾವು ಕೈಯನ್ನು ಉತ್ತರಕ್ಕೆ ತೋರಿಸುತ್ತಿದ್ದೆವು.

ಅಜ್ಜಿಗೆ ಹುಲಿಯ ಭಯವಿರಲಿಲ್ಲ, ಹಾವಿನ ಭಯವಿರಲಿಲ್ಲ, ಮಾತಿನ ಭಯವಿತ್ತು. ಅಸ್ತು ದೇವತೆಗಳು ತಲೆಯ ಮೇಲೆ ಓಡಾಡುತ್ತಿರುತ್ತಾರೆ, ಯಾರ ಬಾಯಿಂದ ಏನು ಬಂದರೂ "ಅಸ್ತು" ಅಂದುಬಿಡುತ್ತಾರೆ, ಮುಸ್ಸಂಜೆಯಲ್ಲಂತೂ ಕಿವಿಯ ಹತ್ತಿರವೇ ಇರುತ್ತಾರೆ ಎಂದು ಆಗ ಎಲ್ಲ ಮನೆಗಳಲ್ಲೂ ಹೇಳುತ್ತಿದ್ದರು. ಕೆಟ್ಟ ಮಾತು ಬಾಯಿ ಜಾರಿದರೆ, ಅವರು ಅಸ್ತು ಅನ್ನುವುದರೊಳಗೆ "ಬಿಡ್ತು" ಅಂದು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಬೇರೆ ಮನೆಗಳಲ್ಲಿ ಇದು ಅಭ್ಯಾಸ, ನಮ್ಮ ಮನೆಯಲ್ಲಿ ಕಾನೂನು. ಅದಕ್ಕೆ ಕಾರಣವಿತ್ತು. ನಾನು ಹುಟ್ಟುವ ಮೊದಲು ಹಳೆಯ ಊರಿನಲ್ಲಿ ಪಕ್ಕದ ಮನೆಯವರೊಡನೆ ಬೇಲಿಯ ಜಗಳವಾಗಿ, ಅಜ್ಜಿ "ಈ ಊರೇ ಮುಳುಗಿ ಹೋಗ್ಲಿ" ಎಂದು ಸೆರಗು ಕೊಡವಿ ಒಳಗೆ ಬಂದಿದ್ದಳಂತೆ. ಬಿಡ್ತು ಅನ್ನಲಿಲ್ಲ. ಸಿಟ್ಟಿನಲ್ಲಿದ್ದವರು ಯಾರು ಅನ್ನುತ್ತಾರೆ? ಕೆಲವು ವರ್ಷಗಳ ಮೇಲೆ ಸರ್ವೆಯವರು ಬಂದು ನೀರು ಎಲ್ಲಿಯವರೆಗೆ ಬರುತ್ತದೆಂದು ಕಲ್ಲು ನೆಟ್ಟರು.

"ಅಮ್ಮ, ಅದು ಕರೆಂಟಿಗೆ ಕಟ್ಟಿದ್ದು. ಇಡೀ ರಾಜ್ಯಕ್ಕೆ ಬೇಕಾಗಿತ್ತು. ನಿನ್ ಮಾತು ಕೇಳಿ ಯಾರಾದ್ರೂ ಅಣೆಕಟ್ಟು ಕಟ್ತಾರಾ?" ಎಂದು ಅಪ್ಪಯ್ಯ ಹೇಳಿ ಹೇಳಿ ಸೋತಿದ್ದ.

"ಕಟ್ಟಿದ್ದು ಸರ್ಕಾರ ಮಾರಾಯ. ಅಸ್ತು ಅಂದಿದ್ದು ಯಾರು?" ಅನ್ನುತ್ತಿದ್ದಳು ಅಜ್ಜಿ. ಅಪ್ಪಯ್ಯ ಮಷೀನಿನ ಗಾಲಿ ತಿರುಗಿಸತೊಡಗುತ್ತಿದ್ದ.

ಅರವತ್ತೈದರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಜೊತೆಗಿನ ಯುದ್ಧ ನಿಂತಿತು. ನಿಂತಿತು ಎಂದರೆ ಗುಂಡು ನಿಂತಿತು, ಸೈನಿಕರು ಎದುರುಬದುರು ಹಾಗೇ ನಿಂತಿದ್ದರು. ಅಕ್ಟೋಬರಿನಲ್ಲಿ ಅಣ್ಣನ ಎರಡು ಕಾಗದ ಬಂದವು, ನವೆಂಬರಿನಲ್ಲಿ ಒಂದು. ಡಿಸೆಂಬರಿನಲ್ಲಿ ಬರಲಿಲ್ಲ. ದೇಶದಲ್ಲಿ ಧಾನ್ಯ ಸಾಲದು, ಸೋಮವಾರ ಸಂಜೆ ಎಲ್ಲರೂ ಒಂದು ಊಟ ಬಿಡಿ ಎಂದು ಪ್ರಧಾನಿಗಳು ಕೇಳಿಕೊಂಡಿದ್ದರು. ಅಜ್ಜಿಗೆ ಮೊದಲಿಂದಲೂ ಸೋಮವಾರ ಒಪ್ಪತ್ತು, ಶಿವನ ವಾರವೆಂದು. ಪ್ರಧಾನಿಗೂ ತನ್ನದೇ ವ್ರತವೆಂದು ತಿಳಿದು ಅವಳಿಗೆ ಆತನ ಮೇಲೆ ಮಗನಷ್ಟು ಪ್ರೀತಿ ಬಂತು. "ನನ್ ಸೋಮವಾರ ಹಿಡಿದವ್ನು, ಗಣಪತಿನ ಕಾಯ್ತಾನೆ ಬಿಡು" ಅನ್ನುತ್ತಿದ್ದಳು. ನಾವೂ ಸೋಮವಾರ ಸಂಜೆ ಬರೀ ಮಜ್ಜಿಗೆ ಕುಡಿದು ಇರುತ್ತಿದ್ದೆವು.

ಅದು ನನ್ನ ಎಸ್ಸೆಸ್ಸೆಲ್ಸಿ ವರ್ಷ. ಸಾಗರದಲ್ಲಿ ಮೂರು ತಾಲ್ಲೂಕಿನ ಹೈಸ್ಕೂಲುಗಳಿಗೆ ಚರ್ಚಾಸ್ಪರ್ಧೆ ಇಟ್ಟರು. ವಿಷಯ: ಬೆಳೆಯುತ್ತಿರುವ ವಿಶ್ವಶಾಂತಿ ಬಾಳಬಲ್ಲದೇ? ಪರ ಯಾರು, ವಿರೋಧ ಯಾರು ಎಂದು ಅವರೇ ಚೀಟಿ ಎತ್ತಿ ಕಾಗದ ಬರೆದಿದ್ದರು. ನಮ್ಮ ಶಾಲೆಗೆ ವಿರೋಧ ಬಂದಿತ್ತು. ಶಾಲೆಯಲ್ಲಿ ಚೆನ್ನಾಗಿ ಮಾತಾಡುವವಳು ನಾನು. ಇತಿಹಾಸದ ಮೇಷ್ಟ್ರು ಉತ್ಸಾಹದಿಂದ ಮೂರು ಪುಟ ಭಾಷಣ ಬರೆದುಕೊಟ್ಟರು. ಮೊದಲ ಮಹಾಯುದ್ಧ ಮುಗಿದಾಗ ಇದೇ ಕೊನೆ ಎಂದರು, ಇಪ್ಪತ್ತೇ ವರ್ಷಕ್ಕೆ ಎರಡನೆಯದು ಬಂತು. ನೆರೆಯವರು ಭಾಯಿ ಭಾಯಿ ಎಂದು ಕೈ ಕುಲುಕಿ ಹಿಮಾಲಯ ದಾಟಿ ಬಂದರು. ಹೀಗೆ ಒಂದರ ಹಿಂದೊಂದು.

ಮನೆಯಲ್ಲಿ ಮೊದಲ ದಿನ ಗಟ್ಟಿಯಾಗಿ, "ಯುದ್ಧ ಮತ್ತೆ ಬಂದೇ ಬರುತ್ತದೆ" ಎಂದು ಕೈ ಎತ್ತಿ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು.

"ಬಿಡ್ತು ಅನ್ನೇ! ಅಣ್ಣ ಅಲ್ಲಿ ನಿಂತಿದಾನೆ, ನೀನಿಲ್ಲಿ ಯುದ್ಧ ಕರೀತೀಯಾ?"

"ಬಿಡ್ತು. ಅಜ್ಜಿ, ಇದು ಚರ್ಚೆ. ನಂಗೆ ವಿರೋಧ ಬಂದಿದೆ."

"ಯಾರಿಗೆ ವಿರೋಧ?"

"ಶಾಂತಿಗೆ."

ಅಜ್ಜಿ ಜಗಲಿಯ ಕಡೆ ತಿರುಗಿ, "ಕೇಳ್ಸ್ತನಾ? ಶಾಂತಿಗೆ ವಿರೋಧ ಮಾತಾಡೋದು ಕಲೀಲಿ ಅಂತ ಇವಳನ್ನ ಶಾಲೆಗೆ ಕಳ್ಸಿದ್ಯನಾ?" ಎಂದು ಕೂಗಿದಳು. ಅಪ್ಪಯ್ಯ ಬಾಯಲ್ಲಿದ್ದ ದಾರ ತೆಗೆದು, "ಒಂದೊಂದು ವಾಕ್ಯಕ್ಕೂ ಒಂದೊಂದು ಬಿಡ್ತು ಅಂದ್ಬಿಡ್ಲಿ ಅಮ್ಮ, ಮುಗೀತಲ್ಲ" ಎಂದ. ತಮಾಷೆಗೆ ಹೇಳಿದ್ದು. ಅಜ್ಜಿ ಅದನ್ನೇ ಹಿಡಿದಳು. ಹದಿನೈದು ದಿನ ನಾನು ಭಾಷಣ ಒಪ್ಪಿಸುವಾಗ ಎದುರಿಗೆ ಕೂತು, ಪ್ರತಿ ವಾಕ್ಯದ ಕೊನೆಗೂ ನನ್ನ ತುಟಿ ನೋಡುತ್ತಿದ್ದಳು. ಜೋರಾಗಿ ಬೇಡ, ಮನಸ್ಸಿನಲ್ಲಾದರೂ ತುಟಿ ಅಲ್ಲಾಡಿಸಿ ಅನ್ನಬೇಕು. ನನಗೂ ಅದು ಬೇಕಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಕಾಗದ ಬಾರದ ಆ ದಿನಗಳಲ್ಲಿ ಯುದ್ಧ ಎಂಬ ಶಬ್ದವನ್ನು ಅದರ ಹಿಂದೊಂದು ಬಿಡ್ತು ಇಲ್ಲದೆ ಬಾಯಿಗೆ ತರಲು ನನಗೂ ಧೈರ್ಯವಿರಲಿಲ್ಲ.

ಸ್ಪರ್ಧೆ ಜನವರಿಯ ಒಂದು ಸೋಮವಾರ. ದೂರದ ತಾಷ್ಕೆಂಟಿನಲ್ಲಿ ನಮ್ಮ ಪ್ರಧಾನಿಗಳೂ ಪಾಕಿಸ್ತಾನದ ಅಧ್ಯಕ್ಷರೂ ಮಾತಿಗೆ ಕೂತು ಒಂದು ವಾರವಾಗಿತ್ತು. ಒಪ್ಪಂದ ಆಗುತ್ತದೆ ಎಂದು ಒಂದು ದಿನ, ಇಲ್ಲ ಎಂದು ಇನ್ನೊಂದು ದಿನ ಪೇಪರಿನಲ್ಲಿ ಬರುತ್ತಿತ್ತು. ಮೇಷ್ಟ್ರ ಜೊತೆ ಸಾಗರಕ್ಕೆ ಹೋದೆ. ಸಭಾಂಗಣಕ್ಕೆ ಹಿಂದಿನ ದಿನವಷ್ಟೇ ಸುಣ್ಣ ಹೊಡೆದಿದ್ದರು. ನನ್ನ ನೀಲಿ ದಾವಣಿಗೆ ಅದು ಮೆತ್ತಿದ್ದು ಗೊತ್ತಾಗಲೇ ಇಲ್ಲ.

ಪರವಾಗಿ ಮಾತಾಡಿದವನು ತೀರ್ಥಹಳ್ಳಿಯ ಹುಡುಗ. ಕನ್ನಡಕ ಹಾಕಿದ್ದ, ಸೊಗಸಾದ ಕನ್ನಡ. ದೊಡ್ಡ ದೇಶಗಳು ಅಣುಬಾಂಬನ್ನು ಗಾಳಿಯಲ್ಲಿ ಸಿಡಿಸುವುದಿಲ್ಲವೆಂದು ಒಪ್ಪಿವೆ, ಎದುರಾಳಿಗಳು ಒಂದೇ ಮೇಜಿನ ಮುಂದೆ ಕೂತಿದ್ದಾರೆ, ಶಾಂತಿ ಸಸಿಯಾಗಿತ್ತು, ಈಗ ಮರವಾಗುತ್ತಿದೆ ಎಂದ. ನಾನು ಅವನ ಮಾತು ಕೇಳುತ್ತ, ದೇವರೇ, ಇವನೇ ಗೆಲ್ಲಲಿ ಎಂದುಕೊಂಡೆ. ಆದರೆ ವೇದಿಕೆ ಹತ್ತಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ಮೂರು ಪುಟವನ್ನೂ ತಪ್ಪಿಲ್ಲದೆ ಒಪ್ಪಿಸಿದೆ. ಪ್ರತಿ ವಾಕ್ಯಕ್ಕೂ ನಿಂತು, ಒಳಗೇ ಬಿಡ್ತು ಅಂದು, ಮುಂದಿನದಕ್ಕೆ ಹೋದೆ. ತೀರ್ಪುಗಾರರಾಗಿದ್ದ ವಯಸ್ಸಾದ ವಕೀಲರೊಬ್ಬರು ಕೊನೆಯಲ್ಲಿ, ಈ ಹುಡುಗಿ ವಾಕ್ಯದಿಂದ ವಾಕ್ಯಕ್ಕೆ ಕೊಡುವ ಗಂಭೀರ ವಿರಾಮವನ್ನು ಎಲ್ಲರೂ ಕಲಿಯಬೇಕು ಎಂದು ಹೊಗಳಿದರು.

ಕೆಟ್ಟಿದ್ದು ಮರು ಉತ್ತರದಲ್ಲಿ. ಎರಡೆರಡು ನಿಮಿಷ ಒಬ್ಬರಿಗೊಬ್ಬರು ಉತ್ತರ ಕೊಡಬೇಕಿತ್ತು. ತೀರ್ಥಹಳ್ಳಿಯ ಹುಡುಗ ನನ್ನತ್ತ ತಿರುಗಿ, "ಇವರ ಅಣ್ಣ ಸೈನ್ಯದಲ್ಲಿದ್ದಾರೆಂದು ಇವರ ಮೇಷ್ಟ್ರು ಹೇಳಿದರು. ಅಣ್ಣ ಗಡಿಯಲ್ಲಿರುವಾಗ ತಂಗಿಯೇ ಶಾಂತಿ ಬಾಳದು ಎನ್ನಬಹುದೇ?" ಎಂದ. ಸಭೆ ಹೋ ಎಂದಿತು. ನನ್ನ ಮೈ ಉರಿಯಿತು. ಬರೆದುಕೊಂಡ ಕಾಗದವಿರಲಿಲ್ಲ. ಅಜ್ಜಿ ಎದುರಿಗಿರಲಿಲ್ಲ.

"ಶಾಂತಿಯ ಕಾಗದಕ್ಕೆ ಸಹಿ ಹಾಕುವವರು ಮನುಷ್ಯರು" ಅಂದೆ. "ಸಹಿಯ ಮಸಿ ಆರುವ ಮೊದಲೇ ಸಹಿ ಹಾಕಿದವರು ಇಲ್ಲವಾದರೆ ಆ ಕಾಗದವನ್ನು ಯಾರು ಕಾಯುತ್ತಾರೆ?" ಚಪ್ಪಾಳೆ ಬಿತ್ತು. ಚಪ್ಪಾಳೆಯ ರುಚಿ ಹತ್ತಿದ ಮೇಲೆ ನಾಲಿಗೆ ನಿಲ್ಲುವುದುಂಟೇ? "ನನ್ನ ಅಣ್ಣನ ಮಾತೆತ್ತಿದಿರಿ. ಅವನು ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಆಗ ನಿಮ್ಮ ಈ ಚೆಂದದ ಭಾಷಣ ನಮ್ಮ ಮನೆಯ ಯಾವ ಮೂಲೆಗೆ ಸಾಕಾಗುತ್ತದೆ?" ಸಭೆ ಗೋಡೆ ಬಿದ್ದುಹೋಗುವಂತೆ ಚಪ್ಪಾಳೆ ತಟ್ಟಿತು. ಮೊದಲ ಬಹುಮಾನದ ಕಪ್ಪು ನನಗೇ ಕೊಟ್ಟರು.

ವಾಪಸು ಬರುವಾಗ ಸೋಮವಾರ ಸಂಜೆಯೆಂದು ಸಾಗರದ ಹೋಟೆಲು ಮುಚ್ಚಿತ್ತು. ಮೇಷ್ಟ್ರು ಬಾಳೆಹಣ್ಣು ಕೊಡಿಸಿದರು. ಬಸ್ಸಿನಲ್ಲಿ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮಾತುಗಳನ್ನೇ ಮತ್ತೆ ಮತ್ತೆ ಮೆಲುಕು ಹಾಕುತ್ತಿದ್ದೆ. ಒಂದು ತಿರುವಿನಲ್ಲಿ, ಹೊತ್ತು ಕಂತುತ್ತಿದ್ದಾಗ, ಆ ಎರಡು ಮಾತಿಗೆ ನಾನು ಬಿಡ್ತು ಅಂದಿಲ್ಲ ಎಂದು ಹೊಳೆಯಿತು. ಬಿಡ್ತು, ಬಿಡ್ತು ಎಂದು ಬಸ್ಸು ಹೊಸನಗರ ಮುಟ್ಟುವವರೆಗೂ ಅಂದೆ. ಯಾಕಮ್ಮ ಚಳಿಯಾ ಎಂದು ಮೇಷ್ಟ್ರು ಕೇಳಿದರು.

ಮರುದಿನ ಬೆಳಿಗ್ಗೆ ಅಪ್ಪಯ್ಯ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ರೇಡಿಯೋ ಕೇಳಿ ಬಂದ. ದಿನವೂ ಬಂದವನೇ ಮಷೀನಿನ ಮುಸುಕು ತೆಗೆಯುತ್ತಿದ್ದ. ಅವತ್ತು ತೆಗೆಯದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಪ್ರಧಾನಿ ಹೋಗ್ಬಿಟ್ರಂತೆ ಅಮ್ಮ."

"ಎಲ್ಲಿಗೆ?" ಎಂದಳು ಅಜ್ಜಿ.

"ತೀರ್ಕೊಂಡ್ರು. ಅಲ್ಲೇ, ತಾಷ್ಕೆಂಟಲ್ಲೇ. ನಿನ್ನೆ ಒಪ್ಪಂದಕ್ಕೆ ಸಹಿ ಹಾಕಿದ್ರಂತೆ. ರಾತ್ರಿ ಬೆಳಗಾಗೋದ್ರೊಳಗೆ ಎದೆ ನಿಂತು ಹೋಯ್ತಂತೆ."

ಅಜ್ಜಿ ಒಲೆಯ ಮುಂದೆ ಕೂತು, ಸ್ವಂತ ಮಗ ಹೋದವಳಂತೆ, "ಸೋಮವಾರದವ್ನು, ಸೋಮವಾರವೇ ಹೋದ್ನಲ್ಲಪ್ಪ" ಎಂದು ಅತ್ತಳು. ನಾನು ಅಳಲಿಲ್ಲ. ಸಹಿಯ ಮಸಿ ಆರುವ ಮೊದಲೇ ಎಂದು ನಾನು ಸಾಗರದಲ್ಲಿ ಹೇಳುತ್ತಿದ್ದ ಹೊತ್ತಿಗೆ ಅಲ್ಲಿ ಮಸಿ ಆರುತ್ತಿತ್ತೇನೋ. ಮೊದಲನೆಯ ಮಾತು ಬೆಳಗಾಗುವುದರೊಳಗೆ ನಿಜವಾಗಿತ್ತು. ಎರಡನೆಯದು ಉಳಿದಿತ್ತು. ಅವನು ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ.

ಆ ಭಯವನ್ನು ಹೇಗೆ ಹೇಳಲಿ? ದೇಶವೆಲ್ಲ ಪ್ರಧಾನಿಗೆ ಅಳುತ್ತಿತ್ತು, ನಾನು ಸಿಕ್ಕಿಬೀಳಲಿರುವ ಕಳ್ಳಿಯಂತೆ ಬಾಗಿಲು ನೋಡುತ್ತಿದ್ದೆ. ಯಾರಿಗೂ ಹೇಳುವಂತಿರಲಿಲ್ಲ, ಹೇಳಬೇಕೆಂದರೆ ಆ ಮಾತನ್ನು ಇನ್ನೊಮ್ಮೆ ಆಡಬೇಕಾಗುತ್ತಿತ್ತು. ಕಪ್ಪನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಸೌದೆಯ ಹಿಂದೆ ಇಟ್ಟೆ. ದಾವಣಿಯ ಬೆನ್ನಿಗೆ ಮೆತ್ತಿದ್ದ ಸುಣ್ಣವನ್ನು ಎಷ್ಟು ಸಲ ಒಗೆದರೂ, ಉಟ್ಟಾಗಲೆಲ್ಲ ಅದೇ ವಾಸನೆ ಬರುತ್ತಿತ್ತು, ಅಥವಾ ನನಗೆ ಹಾಗೆ ಅನ್ನಿಸುತ್ತಿತ್ತು.

ಒಂದು ದಿನ ತಡೆಯಲಾರದೆ ಅಜ್ಜಿಯನ್ನು ಕೇಳಿದೆ. "ಅಜ್ಜಿ, ಕೆಟ್ಟ ಮಾತಾಡಿ ಆಗ ಮರ್ತು, ಆಮೇಲೆ ಬಿಡ್ತು ಅಂದ್ರೆ ನಡೆಯುತ್ತಾ?"

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಏನಂದೆ ಎಂದು ಕೇಳಲಿಲ್ಲ. "ನಮ್ಮೂರು ಮುಳುಗಿದ್ ಮೇಲೆ ನಾನು ಎಷ್ಟ್ ಸಲ ಅಂದಿದೀನಿ ಗೊತ್ತಿದ್ಯೇನೇ? ದಿನಾ ಅಂತೀನಿ. ನೀರು ಇಳೀತಾ?" ಎಂದು ಮತ್ತೆ ಮೊರಕ್ಕೆ ಕೈ ಹಾಕಿದಳು.

ಜನವರಿ ಮುಗಿಯಿತು. ಎರಡೂ ಸೈನ್ಯಗಳು ಹಿಂದಕ್ಕೆ ಹೋಗುತ್ತವೆ, ಫೆಬ್ರವರಿ ಮುಗಿಯುವುದರೊಳಗೆ ಮೊದಲಿದ್ದ ಜಾಗಕ್ಕೆ ಸೇರುತ್ತವೆ ಎಂದು ಪೇಪರು ಹೇಳಿತು. ಸಹಿ ಹಾಕಿದವರು ಹೋದರೂ ಕಾಗದ ಉಳಿಯಿತಲ್ಲ ಎಂದು ಮೇಷ್ಟ್ರು ತರಗತಿಯಲ್ಲಿ ಹೇಳಿದರು. ನನ್ನನ್ನು ನೋಡಿಯೇ ಹೇಳಿದರು ಎನ್ನಿಸಿ ತಲೆ ತಗ್ಗಿಸಿದೆ. ಅಣ್ಣನ ಕಾಗದ ಇಲ್ಲ. ಅಂಚೆಯವನು ಸೈಕಲ್ಲಿನಲ್ಲಿ ನಮ್ಮ ಬೀದಿಗೆ ತಿರುಗಿ ಬೆಲ್ಲು ಹೊಡೆದರೆ ಅಪ್ಪಯ್ಯನ ಮಷೀನು ನಿಲ್ಲುತ್ತಿತ್ತು. ಅವನು ದಾಟಿ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ಕಾಗದ ಬರಲಿ ಎಂದು ಅವರು ಕಾಯುತ್ತಿದ್ದರು, ತಂತಿ ಬಾರದಿರಲಿ ಎಂದು ನಾನು. ಓದಲು ಕೂತರೆ ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ. ಕನಸಿನಲ್ಲೆಲ್ಲ ಚಪ್ಪಾಳೆಯ ಸದ್ದು.

ಮಾರ್ಚಿನಲ್ಲಿ ಪರೀಕ್ಷೆ ಹತ್ತಿರ ಬಂದಿತ್ತು. ಮಧ್ಯಾಹ್ನ ಜಗಲಿಯಲ್ಲಿ ಭೂಪಟ ಬಿಡಿಸುತ್ತ ಕೂತಿದ್ದೆ. ಬಸ್ಸಿನಿಂದ ಇಳಿದ ಒಬ್ಬ ಮನುಷ್ಯ ಟ್ರಂಕು ಹೊತ್ತುಕೊಂಡು ನಮ್ಮ ಮನೆಯ ಕಡೆ ಬರುತ್ತಿದ್ದ. ನೆಲ ನೋಡುತ್ತ, ಒಂದೊಂದೇ ಹೆಜ್ಜೆ ಇಡುತ್ತ ಬಂದ. ದಾರಿಯಲ್ಲಿ ಗುಡಿಸಿಟ್ಟಿದ್ದ ಒಣ ಎಲೆಯ ರಾಶಿಯ ಮುಂದೆ ನಿಂತು, ಅದನ್ನು ಬಳಸಿಕೊಂಡು ಬಂದ. ಕುಡಿದವನಿರಬೇಕು ಎಂದುಕೊಂಡೆ. ಹತ್ತಿರ ಬಂದು "ಸರೋಜಾ" ಅಂದಾಗ ಗೊತ್ತಾಯಿತು. ನಾನು ಕಿರುಚಿದ್ದಕ್ಕೆ ಅಜ್ಜಿ ಹಿಟ್ಟಿನ ಕೈಯಲ್ಲೇ ಓಡಿಬಂದಳು.

ಮೂರು ದಿನ ನಾನು ಅವನ ಹಿಂದೆಯೇ ಸುತ್ತಿದೆ. ಬಂದಿದ್ದಾನೆ ಎಂದು ಕಣ್ಣಿಗೆ ಕಾಣುತ್ತಿದ್ದರೂ ಭಯ ಹೋಗಿರಲಿಲ್ಲ. ನಾಲ್ಕನೆಯ ದಿನ ಬಾವಿಕಟ್ಟೆಯ ಹತ್ತಿರ ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ: ಚೀಟಿ, ಭಾಷಣ, ಆ ಎರಡು ಮಾತು, ಸೌದೆಯ ಹಿಂದಿನ ಕಪ್ಪು. ನಗುತ್ತಾನೆ ಎಂದುಕೊಂಡಿದ್ದೆ. ಅವನು ನಗಲಿಲ್ಲ.

"ಕಾಗದ ಯಾಕ್ ಬರೀಲಿಲ್ಲ ಗೊತ್ತಾ? ಬರ್ದು ಹಾಕಿದ್ ಮೇಲೆ ಅದು ಇಲ್ಲಿಗೆ ಬರೋ ಹೊತ್ತಿಗೆ ನಾನು ಇರ್ತೀನೋ ಇಲ್ವೋ. ಹೋದವ್ನ ಕಾಗದ ಓದೋ ಹಂಗಾಗ್ಬಾರ್ದು ಅಂತ ಬರೀಲಿಲ್ಲ" ಅಂದ.

"ಯುದ್ಧ ನಿಂತಿತ್ತಲ್ಲಣ್ಣ?"

"ನಿಂತಿತ್ತು. ಯುದ್ಧದಾಗೆ ನಾವು ಗೋಧಿ ಹೊಲದ ತುಂಬ ಮೈನು ಹೂತಿದ್ವಿ. ನೆಲದಡಿಯ ಬಾಂಬು, ಕಾಲಿಟ್ರೆ ಮುಗೀತು. ಡಿಸೆಂಬರಿಂದ್ಲೇ ಒಂದಿಷ್ಟು ತೆಗೆಸ್ತಿದ್ರು. ಒಪ್ಪಂದ ಆದ್ಮೇಲಂತೂ ಹೊಲ ರೈತರಿಗೆ ಬಿಡ್ಬೇಕು, ಹೂತವ್ರೇ ಎಲ್ಲಾ ತೆಗೀಬೇಕು. ಯುದ್ಧ ನಡೀವಾಗ ನಮ್ ಗುಂಪಲ್ಲಿ ಒಬ್ರೂ ಸತ್ತಿರಲಿಲ್ಲ."

ಅವನು ಬಾವಿಹಗ್ಗದ ತುದಿಯನ್ನು ಬಿಚ್ಚತೊಡಗಿದ. ಆಮೇಲೆ ಚಿನ್ನಪ್ಪನ ವಿಷಯ ಹೇಳಿದ. ಕೋಲಾರದ ಕಡೆಯವನು, ಅಣ್ಣನ ಜೊತೆಗೇ ಸೇರಿದವನು. ಕೊನೆಯ ಸಾಲಿನ ಕೊನೆಯ ಮೈನು ತೆಗೆದು ಪಕ್ಕಕ್ಕಿಟ್ಟು, ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿಕೊಂಡು, "ಮುಗೀತಪ್ಪ ಗಣಪತಿ, ಇನ್ನೇನೂ ಇಲ್ಲ. ಶಾಂತಿ" ಎಂದನಂತೆ. ನಕ್ಕನಂತೆ. ಒಂದು ಹೆಜ್ಜೆ ಹಿಂದಿಟ್ಟನಂತೆ. ಹೂತಾಗ ಗುರುತು ಹಾಕಿಟ್ಟ ನಕ್ಷೆಯಲ್ಲಿಲ್ಲದ್ದು ಒಂದು ಅಲ್ಲಿ ಉಳಿದಿತ್ತು.

"ನಿನ್ ಮಾತಿಗೆ ಯಾರಿಗೂ ಏನೂ ಆಗ್ಲಿಲ್ಲ ಮಾರಾಯ್ತಿ" ಎಂದು ಅಣ್ಣ ನನ್ನ ತಲೆಯ ಮೇಲೆ ಕೈ ಇಟ್ಟ. "ಕೆಟ್ಟ ಮಾತಿಗೆ ನಾನು ಹೆದ್ರಲ್ಲ ಈಗ. ಮುಗೀತು ಅಂತಾರಲ್ಲ, ಅದಕ್ಕೆ ಹೆದ್ರಿಕೆ."

ನನ್ನ ಎರಡು ತಿಂಗಳ ಭಯ ಅಲ್ಲಿಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಅಲ್ಲಿಯವರೆಗೆ ಹೆದರಿದ್ದು ನನ್ನದೊಂದು ನಾಲಿಗೆಗೆ. ಅವತ್ತಿನಿಂದ ಹೆದರಿದ್ದು ಯಾರ ನಕ್ಷೆಯಲ್ಲೂ ಇಲ್ಲದೆ ನೆಲದಡಿ ಉಳಿದುಬಿಡುವಂಥದ್ದಕ್ಕೆ. ಆ ಒಪ್ಪಂದದ ಶಾಂತಿಯೂ ಆರು ವರ್ಷ ಪೂರ್ತಿ ಬಾಳಲಿಲ್ಲ. ಎಪ್ಪತ್ತೊಂದರ ಡಿಸೆಂಬರಿನಲ್ಲಿ ಮತ್ತೆ ಸೈನಿಕರ ರೈಲುಗಳು ಓಡಿದವು. ಅದು ಆಮೇಲಿನ ಮಾತು. ಆ ಮಾರ್ಚಿನಲ್ಲಿ ಬಾವಿಕಟ್ಟೆಯ ಮೇಲೆ ಕೂತ ನಮಗಿಬ್ಬರಿಗೂ ಅದು ಗೊತ್ತಿರಲಿಲ್ಲ, ಆದರೆ ಗೊತ್ತಿದ್ದವರಂತೆ ಕೂತಿದ್ದೆವು.

ಅಣ್ಣ ಹೊರಡುವ ದಿನ ಬೆಳಿಗ್ಗೆ ಅಪ್ಪಯ್ಯ ಅವನ ಅಂಗಿಯ ಗುಂಡಿಗಳನ್ನೆಲ್ಲ ಎರಡೆರಡು ಸಲ ಭದ್ರ ಮಾಡಿಕೊಟ್ಟ. ಅಜ್ಜಿ ದೇವರ ಮುಂದೆ ದೀಪ ಹಚ್ಚಿ ಬಂದು, ಅಣ್ಣನ ಅಂಗೈಗೆ ಒಂದು ಚಮಚ ಮೊಸರು ಹಾಕಿದಳು. ಅವನು ಕುಡಿದು, ಅವಳ ಕಾಲು ಮುಟ್ಟಿ, ಟ್ರಂಕು ಎತ್ತಿಕೊಂಡ. ಅಜ್ಜಿಯ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡಿತು.

"ಇನ್ನೆಂತಾ ಹೆದ್ರಿಕೆ ಮಗಾ. ಸಹಿ ಆಯ್ತು, ಎಲ್ಲಾ ಮುಗೀತು. ಇನ್ನು ಯುದ್ಧ ಬರಲ್ಲ. ನೆಮ್ಮದಿಯಾಗಿ ಹೋಗಿ ಬಾ."

ಅಣ್ಣನ ಒಂದು ಕಾಲು ಹೊಸ್ತಿಲಾಚೆ ಹೋಗಿತ್ತು. ಅವನು ಅದನ್ನು ಹಿಂದಕ್ಕೆ ತೆಗೆದ.

"ಅಜ್ಜಿ, ಬಿಡ್ತು ಅನ್ನು."

ಅಜ್ಜಿಗೆ ಅರ್ಥವಾಗಲಿಲ್ಲ. ಆ ಮನೆಯಲ್ಲಿ ಅವಳಿಗೆ ಯಾರೂ ಅದನ್ನು ಹೇಳಿದ್ದಿಲ್ಲ. "ಒಳ್ಳೆ ಮಾತೇ ಅಲ್ವನಾ ನಾನಂದಿದ್ದು?"

"ಒಳ್ಳೆ ಮಾತೇ. ಅದಕ್ಕೇ ಹೇಳ್ತಿದೀನಿ. ಅನ್ನು ಅಜ್ಜಿ."

ಬಸ್ಸು ಹಾರ್ನ್ ಹೊಡೆಯಿತು. ಅಣ್ಣ ಕದಲಲಿಲ್ಲ. ಅಜ್ಜಿ ಅವನ ಮುಖ ನೋಡಿದಳು, ಆಮೇಲೆ ಹೊಸ್ತಿಲ ಒಳಗೆ ಜೋಡಿಸಿಟ್ಟಿದ್ದ ಅವನ ಎರಡು ಪಾದಗಳನ್ನು ನೋಡಿದಳು. ಅವಳ ನಗು ಹೋಗಿತ್ತು.

"ಬಿಡ್ತು" ಅಂದಳು.

ಅಣ್ಣ ನೆಲ ನೋಡಿಕೊಂಡು ಹೊರಗೆ ಕಾಲಿಟ್ಟ.